ಸೂರಂಚಿನ ಮಕ್ಕಳು

"ದಕ್ಷಿಣದ ಕಡೆ ಏನ್ ಬೇಕಾದ್ರೂ ಮಾಡ್ಕೊಳ್ಳಿ ಸಾರ್. ಉತ್ತರದ ಸೂರಿಗೆ ಮಾತ್ರ ಮಳೆನೀರು ಹಿಡಿಯೋ ದೋಣಿ ಕಟ್ಬೇಡಿ."

"ಕಟ್ಟಿದ್ರೆ ಏನಾಗತ್ತೆ?"

"ಕಟ್ಟಿದವನ ಮನೆ ಒಣಗತ್ತೆ."

ಚರ್ಚಿನ ದುರಸ್ತಿಗೆ ಬಂದ ಎಂಜಿನಿಯರ್ ಲಯೊನೆಲ್ ಕ್ರಾಸ್ಲಿ ಬಾಗಿಲ ಚೌಕಟ್ಟಿಗೆ ಒರಗಿ ನಕ್ಕ. "ಒಣಗಿಸೋದಕ್ಕೇ ಅಲ್ವೇನಮ್ಮಾ ನನ್ನನ್ನ ಇಲ್ಲಿಗೆ ಕರೆಸಿರೋದು?"

ಮಿಸೆಸ್ ಬೆಬ್ ನಗಲಿಲ್ಲ. ಆರ್ಲ್‌ಹೋಪ್ ಚರ್ಚಿನ ಕಸ ಗುಡಿಸಿ, ಹಿತ್ತಾಳೆ ಉಜ್ಜಿ, ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡೇ ಮುದುಕಿಯಾದವಳು ಅವಳು. ಪೊರಕೆಯನ್ನು ಗೋಡೆಗೆ ಆನಿಸಿ, ಏಪ್ರನ್ನಿನಲ್ಲಿ ಕೈ ಒರೆಸಿಕೊಂಡಳು.

"ಆ ಸೂರಿನ ಕೆಳಗೆ ಮಕ್ಕಳಿದಾವೆ. ದೀಕ್ಷಾಸ್ನಾನಕ್ಕೆ ಮುಂಚೇನೇ ಸತ್ತವು. ಅಂಥವಕ್ಕೆ ಹಿಂದಿನ ಪಾದ್ರಿಗಳು ಸಮಾಧಿ ಜಾಗ ಕೊಡ್ತಿರಲಿಲ್ಲ. ತಾಯಂದಿರು ಬೆಳಕು ಹರಿಯೋ ಮುಂಚೆ ತಂದು ಗೋಡೆ ಬುಡಕ್ಕೆ ಹೂತು ಹೋಗೋರು. ಚರ್ಚಿನ ಮಾಡಿನ ಮೇಲೆ ಬಿದ್ದ ಮಳೆ ಪವಿತ್ರ ಅಲ್ವಾ. ಅದು ಹನಿಹನಿಯಾಗಿ ಅವುಗಳ ತಲೆ ಮೇಲೆ ಬೀಳ್ಲಿ, ಪಾದ್ರಿ ಕೊಡದ ಸ್ನಾನ ಮಳೆ ಕೊಡ್ಲಿ ಅಂತ."

"ಎಷ್ಟು ವರ್ಷ ಬೇಕಂತೆ ಅದಕ್ಕೆ?"

"ಗೊತ್ತಿಲ್ಲ ಸಾರ್. ನಂದು ನಲವತ್ಮೂರು ವರ್ಷದಿಂದ ಕಾಯ್ತಾ ಇದೆ. ಮೂರನೇ ಆಸರೆಗೋಡೆಯಿಂದ ಎರಡು ಹೆಜ್ಜೆ."

ಲಯೊನೆಲ್ ಆ ಕಡೆ ತಿರುಗಿ ನೋಡಿದ. ಕೆಟ್ಟವನಲ್ಲ ಅವನು. ಆದರೆ ತನಗೆ ಗೊತ್ತಿರುವುದನ್ನು ಹೇಳದೆ ಇರಲಾರದ ಜಾತಿ. "ನೋಡಿಮ್ಮ, ನೀರಿಗೆ ಗೊತ್ತಿರೋದು ಇಳಿಜಾರು ಒಂದೇ. ಪಾಪ ಪುಣ್ಯ ಅದಕ್ಕೆ ಗೊತ್ತಿಲ್ಲ. ಇನ್ನು ಹತ್ತು ವರ್ಷ ಹೀಗೇ ನೆನೆದ್ರೆ ಆ ಗೋಡೆ ನಿಮ್ಮ ಮಕ್ಕಳ ಮೇಲೇ ಬೀಳತ್ತೆ."

"ನಿಮ್ಮ ಮಗೂಗೆ ಸ್ನಾನ ಆಗಿದ್ಯಾ?"

"ದಿನಾ ಆಗತ್ತೆ. ಬಿಸಿನೀರಲ್ಲಿ, ಸೋಪು ಹಚ್ಚಿ."

ಮುದುಕಿ ಪೊರಕೆ ಎತ್ತಿಕೊಂಡು ಒಳಗೆ ಹೋದಳು.

ಚರ್ಚಿನ ಒಳಗೆ ಹಸಿ ಸುಣ್ಣದ, ಬಾವಲಿ ಹಿಕ್ಕೆಯ, ಬೂಷ್ಟು ಹಿಡಿದ ಕೀರ್ತನೆ ಪುಸ್ತಕಗಳ ವಾಸನೆ. ದಕ್ಷಿಣದ ಗೋಡೆ ಒಣಗಿ ಬೆಳ್ಳಗಿತ್ತು. ಉತ್ತರದ ಗೋಡೆಯ ಮೇಲೆ ಆಳೆತ್ತರದವರೆಗೆ ಹಸಿರು ಪಾಚಿ. ಅದು ಎಲ್ಲಕ್ಕಿಂತ ಹಳೆಯ ಗೋಡೆ, ಎಂಟುನೂರು ವರ್ಷದ್ದು. ಕಲ್ಲುಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಜೋಡಿಸಿ ಮೂರು ಅಡಿ ದಪ್ಪ ಕಟ್ಟಿದ್ದರು. ಆಮೇಲೆ ಬಂದವರು ಕಿಟಕಿ ದೊಡ್ಡದು ಮಾಡಿದ್ದರು, ಗೋಪುರ ಎತ್ತಿದ್ದರು, ಮಾಡಿಗೆ ಸೀಸದ ಹಾಳೆ ಹೊದಿಸಿದ್ದರು. ಎಂಬತ್ತು ವರ್ಷದ ಹಿಂದೆ ಒಬ್ಬ ದೊಡ್ಡ ವಾಸ್ತುಶಿಲ್ಪಿ ಬಂದು ದಕ್ಷಿಣದ ಸೂರಿನುದ್ದಕ್ಕೂ ನೀರು ಹಿಡಿಯುವ ಕಬ್ಬಿಣದ ದೋಣಿ ಕಟ್ಟಿಸಿದ್ದ. ಅವನ ನಕ್ಷೆ ಲಯೊನೆಲ್ ಬಳಿ ಇತ್ತು. ಅದರಲ್ಲಿ ಉತ್ತರದ ಸೂರು ಖಾಲಿ. ಪಕ್ಕದಲ್ಲಿ ಸೀಸಕಡ್ಡಿಯಿಂದ ಎರಡೇ ಪದ: ಇಲ್ಲಿ ಬೇಡ.

ಇಷ್ಟು ಓದಿದವನೂ ಮುದುಕಿಯರ ಮಾತು ಕೇಳಿದನಲ್ಲ ಎಂದು ಲಯೊನೆಲ್‌ಗೆ ನಗು ಬಂದಿತ್ತು. ಅವನ ಯೋಜನೆ ಸರಳ. ಉತ್ತರಕ್ಕೂ ದೋಣಿ. ಗೋಡೆಯ ಬುಡದುದ್ದಕ್ಕೂ ಕಾಲುವೆ ತೋಡಿ, ಜಲ್ಲಿ ತುಂಬಿ, ನೀರನ್ನು ದೂರದ ತೊರೆಗೆ ಬಿಡುವುದು. ನಾಲ್ಕು ತಿಂಗಳ ಕೆಲಸ. ಅದಕ್ಕಾಗಿಯೇ ಹೆಂಡತಿ ಹಿಲ್ಡಳನ್ನೂ ಐದು ತಿಂಗಳ ಮಗ ಟೋಬಿಯನ್ನೂ ಕರೆತಂದು, ಚರ್ಚಿನ ಎದುರಿಗಿದ್ದ ಹಳೆಯ ಶಾಲಾಮನೆಯಲ್ಲಿ ಬಾಡಿಗೆಗಿದ್ದ.

ಸೀಸದ ಕೆಲಸಕ್ಕೆ ಬಂದವನು ಆಮೋಸ್ ಪ್ರೊಬರ್ಟ್. ದಪ್ಪ ಕುತ್ತಿಗೆಯ, ಬಾಯಿ ನಿಲ್ಲದ ಮನುಷ್ಯ. "ಸಾರ್, ನನ್ನ ಹೆಂಡತಿ ಬಾಯಿಗೂ ಒಂದು ದೋಣಿ ಕಟ್ಟಿಸಿಕೊಡಿ. ನಲವತ್ತು ವರ್ಷದಿಂದ ಸೋರ್ತಾನೇ ಇದೆ," ಎಂದು ಏಣಿಯ ಮೇಲಿಂದ ಕೂಗುತ್ತಿದ್ದ. ಎರಡನೆಯ ದಿನ ಗೋಡೆಯ ತಲೆಯ ಮೇಲಿನ ಹಳೆಯ ಸೀಸ ಬಿಚ್ಚುವಾಗ ಅವನ ಬಾಯಿ ನಿಂತಿತು. ಇಳಿದು ಬಂದು ಅಂಗೈ ಚಾಚಿದ.

ಅಂಗೈಯಗಲದ ಸೀಸದ ಪೊಟ್ಟಣ. ನಾಲ್ಕು ಮಡಿಕೆ ಮಾಡಿ ನಡುವೆ ಮೊಳೆ ಹೊಡೆದಿತ್ತು. ಲಯೊನೆಲ್ ಮೊಳೆ ಕಿತ್ತು ಬಿಚ್ಚಿದ. ಒಳಗೆ ಮೂರು ಕರಿಮುಳ್ಳು. ಎಳೆಗೂಸಿನ ನೆತ್ತಿಯ ಮೇಲಿರುವಂಥ ತೆಳು ಹೊಂಗೂದಲಿನ ಒಂದು ಸುರುಳಿ. ಬಿಚ್ಚಿದ ಕೂಡಲೇ ಅದು ಗಾಳಿಗೆ ಪುಡಿಯಾಯಿತು. ಸೀಸದ ಮೇಲೆ ಮೊಳೆಯಿಂದ ಗೀಚಿದ ಅಕ್ಷರಗಳು. ಲಯೊನೆಲ್ ಗಟ್ಟಿಯಾಗಿ ಓದಿದ.

"ಈ ಮಕ್ಕಳ ನೀರು ತಿರುಗಿಸಿದವರ ನೀರು ತಿರುಗಲಿ. ಮೊದಲು ಸೂರಿಗೆ ಕೈ ಹಚ್ಚಿದವನದು. ಆಮೇಲೆ ಮಣ್ಣು ಅಗೆದವನದು. ಕೊನೆಗೆ ಹೇಳಿ ಮಾಡಿಸಿದವನ ತೊಟ್ಟಿಲಿನದು. ಸೂಲಗಿತ್ತಿ ಕೆಜಾಯ."

"ಮಾಟ ಸಾರ್ ಇದು," ಎಂದ ಪ್ರೊಬರ್ಟ್. "ನಮ್ಮಜ್ಜಿ ಅವಳ ಹೆಸರು ಹೇಳೋಕೂ ಬಿಡ್ತಿರಲಿಲ್ಲ. ಇದ್ದ ಜಾಗದಲ್ಲೇ ಇಟ್ಟುಬಿಡ್ತೀನಿ."

"ನಿನ್ನ ಪಾತ್ರೆಯಲ್ಲಿ ಏನು ಕಾಯ್ತಿದೆ ಪ್ರೊಬರ್ಟ್?"

"ಸೀಸ."

"ಇದೇನು?"

ಲಯೊನೆಲ್ ಪೊಟ್ಟಣವನ್ನು ಒದರಿದ. ಒಣ ಧೂಳು ಉದುರಿತು. ಅದನ್ನು ಮತ್ತೆ ಮಡಿಸಿ, ಇಕ್ಕಳದಲ್ಲಿ ಹಿಡಿದು, ಕಾದ ಸೀಸದ ಪಾತ್ರೆಗೆ ಇಳಿಸಿದ. ಅದು ಮುಳುಗಿತು. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಮೇಲ್ಮೈ ಸುಕ್ಕುಗಟ್ಟಿತು. ಮೇಲೆ ತೇಲಿದ ಬೂದಿ ತೆಗೆಯಲು ಪ್ರೊಬರ್ಟ್ ಸೌಟು ಹಿಡಿದು ಬಾಗಿದ.

ಪಾತ್ರೆ ಸಿಡಿಯಿತು.

ತೋಪು ಹಾರಿಸಿದಂಥ ಸದ್ದು. ಬಿಳಿಯ ಆವಿ. ಆವಿಯೊಳಗಿಂದ ಪ್ರೊಬರ್ಟ್ ಎರಡು ಹೆಜ್ಜೆ ನಡೆದು ಬಂದ. ಅವನ ಮುಖವಿದ್ದ ಜಾಗದಲ್ಲಿ ಹೊಳೆಯುವ ತಗಡಿತ್ತು. ಹಣೆ, ಕಣ್ಣು, ತೆರೆದ ಬಾಯಿ, ಎಲ್ಲದರ ಅಚ್ಚೂ ಅದರಲ್ಲಿತ್ತು. ಅದರ ಹಿಂದಿನಿಂದ ಬಾವಿಯೊಳಗಿನ ದನಿಯಂಥ ಒಂದು ಕೂಗು. ಸುಟ್ಟ ಕೂದಲ, ಸುಟ್ಟ ಮಾಂಸದ ವಾಸನೆ. ಅವನು ತನ್ನದೇ ಉಗುರುಗಳಿಂದ ಆ ತಗಡನ್ನು ಎಬ್ಬಿದ. ಅದರ ಜೊತೆ ಕೆನ್ನೆಯೂ ಬಂತು.

ಎರಡು ದಿನ ಬದುಕಿದ್ದ.

ಕಾದ ಸೀಸಕ್ಕೆ ತೇವ ಬಿದ್ದರೆ ನೀರು ಒಮ್ಮೆಗೇ ಆವಿಯಾಗಿ ಸಾವಿರಾರು ಪಟ್ಟು ಹಿಗ್ಗುತ್ತದೆ, ಇದು ಎಲ್ಲ ಸೀಸದ ಕೆಲಸದವರಿಗೂ ಗೊತ್ತು. ಲಯೊನೆಲ್ ವರದಿಯಲ್ಲಿ ಹಾಗೆಯೇ ಬರೆದ: ಮಡಿಕೆಯಲ್ಲಿ ತೇವ ಇದ್ದಿರಬೇಕು, ತಪ್ಪು ನನ್ನದು. ಬರೆಯುವಾಗ ಆ ಒಣ ಧೂಳು ನೆನಪಾಯಿತು. ಅದನ್ನು ಬರೆಯಲಿಲ್ಲ.

"ಬಿಟ್ಟುಬಿಡು ಲಯೊನೆಲ್," ಎಂದಳು ಹಿಲ್ಡ. "ಎಂಟುನೂರು ವರ್ಷ ನೆನೆದ ಗೋಡೆ. ಇನ್ನಷ್ಟು ನೆನೀಲಿ."

"ಈಗ ಬಿಟ್ಟುಹೋದ್ರೆ ಅವರು ಹೇಳಿದ್ದೇ ನಿಜ ಅಂತಾಗತ್ತೆ. ಪ್ರೊಬರ್ಟ್ ಸತ್ತಿದ್ದು ನನ್ನ ಅಜಾಗರೂಕತೆಯಿಂದ. ಯಾವಳೋ ಸೂಲಗಿತ್ತಿಯಿಂದ ಅಲ್ಲ."

"ಆ ಸೀಸದ ಪೊಟ್ಟಣದ ಮೇಲೆ ತೊಟ್ಟಿಲು ಅಂತ ಬರ್ದಿತ್ತಂತೆ. ಅಂಗಡೀಲಿ ಹೇಳ್ತಿದ್ರು. ನೀನು ನನಗೆ ಹೇಳಲೇ ಇಲ್ಲ."

ಲಯೊನೆಲ್ ಮಗನ ಹೊಟ್ಟೆಗೆ ಮೂಗು ಉಜ್ಜಿದ. ಟೋಬಿ ಕಿಲಕಿಲ ನಕ್ಕು ಅವನ ಕಿವಿಯೆಲ್ಲ ಜೊಲ್ಲು ಮಾಡಿದ. "ನೋಡು, ಇವನ ಹತ್ರ ಊರಿಗಾಗೋಷ್ಟು ನೀರಿದೆ."

ಹೊರಗಿನಿಂದ ಬಂದ ಕೆಲಸಗಾರರು ದೋಣಿ ಕಟ್ಟಿ, ದುಡ್ಡು ತೆಗೆದುಕೊಂಡು ಅದೇ ದಿನ ಹೋದರು. ಕಾಲುವೆ ಅಗೆಯಲು ಊರಿನಲ್ಲಿ ಸಿಕ್ಕವನು ಜೆಸ್ಸಿ ಗಫ್ ಒಬ್ಬನೇ. ಅವನು ಯಾವ ದೇವರನ್ನೂ ನಂಬದ, ಸೇಬಿನ ಮದ್ಯ ಒಂದನ್ನೇ ನಂಬುವ ಮನುಷ್ಯ. ಎದೆಮಟ್ಟ ಇಳಿದಾಗ ಅವನ ಸಲಿಕೆಗೆ ಎಲುಬು ಸಿಕ್ಕವು. ಕಂದು ಬಣ್ಣದ, ಹಕ್ಕಿ ಎಲುಬಿನಷ್ಟು ತೆಳುವಾದ ಎಲುಬು. ತಲೆಬುರುಡೆಗಳು ಮೊಟ್ಟೆ ಚಿಪ್ಪಿನಂತೆ ಬೆರಳಲ್ಲೇ ಮುರಿಯುತ್ತಿದ್ದವು.

"ಏನ್ ಮಾಡ್ಲಿ ಸಾರ್?"

"ಒಂದೂ ಬಿಡದ ಹಾಗೆ ಪೆಟ್ಟಿಗೆಗೆ ಹಾಕು. ಆಮೇಲೆ ಪಾದ್ರಿಗಳ ಕೈಲಿ ಮರ್ಯಾದೆಯಾಗಿ ಹೂಳಿಸೋಣ."

ದೂರದ ಹುಲ್ಲಿನಲ್ಲಿ ನಿಂತು ನೋಡುತ್ತಿದ್ದ ಮಿಸೆಸ್ ಬೆಬ್ ಹತ್ತಿರ ಬರಲಿಲ್ಲ. ಗಫ್ ಮೂರನೆಯ ಆಸರೆಗೋಡೆ ದಾಟಿದಾಗ ಮುಖ ತಿರುಗಿಸಿಕೊಂಡು ಹೋದಳು.

ಮಾರನೆಯ ಬೆಳಿಗ್ಗೆ ಮಳೆ ಬಂತು. ದೋಣಿ ಲಯೊನೆಲ್ ಲೆಕ್ಕ ಹಾಕಿದಂತೆಯೇ ಕೆಲಸ ಮಾಡಿತು. ಸೂರಿನಿಂದ ಒಂದು ಹನಿಯೂ ಬೀಳಲಿಲ್ಲ. ಹೊಲದಲ್ಲಿ, ದಾರಿಯಲ್ಲಿ, ಗೋರಿಗಳ ಮೇಲೆ ಎಲ್ಲ ಕಡೆ ನೀರು. ಗೋಡೆಯ ಬುಡದ ಎರಡಡಿ ಅಗಲದ ಪಟ್ಟಿ ಮಾತ್ರ ಒಣಗಿ, ಲಯೊನೆಲ್ ನೋಡುತ್ತಿದ್ದಂತೆಯೇ ಬಿರುಕು ಬಿಟ್ಟಿತು.

ಅಷ್ಟು ಬೇಗ ಯಾವ ಮಣ್ಣೂ ಒಣಗುವುದಿಲ್ಲ.

"ಗಫ್, ಮೇಲೆ ಬಾ," ಎಂದ.

"ಇನ್ನೊಂದು ಗಜ ಅಷ್ಟೇ ಸಾ—"

ಕಾಲುವೆಯ ಎರಡು ಬದಿಯೂ ಕೂಡಿಕೊಂಡವು. ಸದ್ದೇ ಆಗಲಿಲ್ಲ. ಎದೆಮಟ್ಟದ ಕುಳಿ, ಗಫ್ ಆರಡಿ ಮನುಷ್ಯ, ತಲೆ ಹೊರಗೇ ಇರಬೇಕಿತ್ತು. ಯಾರೋ ಕಾಲು ಹಿಡಿದು ಎಳೆದಂತೆ ಅವನು ಒಳಗೆ ಹೋದ. ಲಯೊನೆಲ್ ಬರಿಗೈಯಲ್ಲಿ ತೋಡಿದ. ಮಣ್ಣು ಹಿಟ್ಟಿನಂತಿತ್ತು. ಕೂದಲು ಸಿಕ್ಕಿತು, ಹಣೆ ಸಿಕ್ಕಿತು. ಬಾಯಿ ಕಿವಿಯವರೆಗೆ ಹರಿದಿತ್ತು. ಒಳಗೆ ಮಣ್ಣು. ಸಡಿಲವಾಗಿ ಬಿದ್ದದ್ದಲ್ಲ, ತುರುಕಿದ್ದು. ಹಿಡಿಯ ಮೇಲೆ ಹಿಡಿ ಒತ್ತಿ, ಗಂಟಲ ಆಳದವರೆಗೆ, ಗಟ್ಟಿಯಾಗಿ. ಆ ಮಣ್ಣಿನ ಮೇಲೆ ಗುರುತುಗಳಿದ್ದವು. ಆಕ್ರೋಟಿನಷ್ಟು ಚಿಕ್ಕ ಮುಷ್ಟಿಗಳ ಗುರುತು.

ಲಯೊನೆಲ್ ಎದ್ದು ಮನೆಗೆ ಓಡಿದ.

ಹಿಲ್ಡ ಬಾಗಿಲಲ್ಲೇ ನಿಂತಿದ್ದಳು. "ಟೋಬಿ ಅಳ್ತಿದಾನೆ," ಎಂದಳು. "ಕಣ್ಣೀರು ಬರ್ತಿಲ್ಲ."

ಮಗು ಕುಡಿಯುತ್ತಿತ್ತು. ಅದೇ ಭಯ ಹುಟ್ಟಿಸಿದ್ದು. ಒಂದು ಬಾಟಲಿ ಹಾಲು ಕುಡಿದು ಇನ್ನೊಂದಕ್ಕೆ ಕೈ ಚಾಚಿತು. ವಾಂತಿಯಿಲ್ಲ, ಭೇದಿಯಿಲ್ಲ, ಜ್ವರವಿಲ್ಲ, ಬೆವರಿಲ್ಲ. ಲಂಗೋಟಿ ಒಣಗಿತ್ತು. ತುಟಿ ಸೀಳಿತ್ತು. ತೋಳಿನ ಚರ್ಮ ಚಿವುಟಿದರೆ ಎದ್ದ ಮಡಿಕೆ ಹಾಗೆಯೇ ನಿಲ್ಲುತ್ತಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ತೂಗಿದರು: ಹದಿಮೂರು ಪೌಂಡು. ಹಿಂದಿನ ದಿನ ಮನೆಯ ತಕ್ಕಡಿಯಲ್ಲಿ ಹದಿನೈದಿತ್ತು. ಕಾಲಿಗೆ ಸೂಜಿ ಚುಚ್ಚಿ ಉಪ್ಪುನೀರು ಬಿಟ್ಟರು. ಅರ್ಧ ಸೀಸೆ ಇಳಿದ ಮೇಲೆ ತೂಗಿದರೆ ಹನ್ನೆರಡೂವರೆ.

ವೈದ್ಯರು ತಕ್ಕಡಿ ಬದಲಾಯಿಸಿದರು. ಲಯೊನೆಲ್ ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತ. ಒಳಗೆ ಹೋದದ್ದು ಒಳಗಿರಬೇಕು, ಇಲ್ಲ ಹೊರಗೆ ಬರಬೇಕು. ಅವನು ಕಲಿತ ವಿದ್ಯೆಯೆಲ್ಲ ನಿಂತಿದ್ದು ಅದೊಂದರ ಮೇಲೆ. ಈ ಕೋಣೆಯಲ್ಲಿ ಅದು ಸುಳ್ಳಾಗಿತ್ತು. ಮಗನೊಳಗೆ ಇಳಿದ ನೀರನ್ನು ಇನ್ನಾರೋ ಕುಡಿಯುತ್ತಿದ್ದರು.

ಮಿಸೆಸ್ ಬೆಬ್ ಮಳೆಯಲ್ಲಿ ನೆನೆದು, ಸಿಕ್ಕ ಮೊದಲ ಬಸ್ಸಿಗೆ ಬಂದವಳು, ಮಂಚದ ಕೊನೆಯಲ್ಲಿ ನಿಂತಿದ್ದಳು. ಅವಳು ಬೈಯಲಿಲ್ಲ.

"ಏಳು ಮಗಾ. ಇನ್ನೂ ಮಳೆ ಸುರೀತಿದೆ. ಅದು ನಿಲ್ಲೋ ಮುಂಚೆ ದೋಣಿ ಕೀಳು. ಕೂಸನ್ನೂ ಕರ್ಕೊಂಡು ಬಾ."

"ಸೂಜಿ ತೆಗೆದ್ರೆ ಅವನು ಸಾಯ್ತಾನೆ."

"ಸೂಜಿ ಇದ್ದೂ ಸಾಯ್ತಿದಾನಲ್ಲೋ."

ಹಿಲ್ಡ ಅಷ್ಟರಲ್ಲಿ ಸೂಜಿ ಕಿತ್ತಿದ್ದಳು. ಚುಚ್ಚಿದ ಜಾಗದಿಂದ ರಕ್ತ ಬರಲಿಲ್ಲ.

ಮಧ್ಯಾಹ್ನ ಎರಡು ಗಂಟೆ. ಆಕಾಶ ಬೂದಿ. ಗಫ್‌ನ ಹೆಣವನ್ನು ಊರವರು ಎತ್ತಿ ಒಯ್ದಿದ್ದರು, ಅಲ್ಲಿ ಕಾಲುವೆ ಮತ್ತೆ ಬಾಯಿ ತೆರೆದಿತ್ತು. ಚರ್ಚಿನ ಉತ್ತರದ ಬದಿಯಲ್ಲಿ ಎಲ್ಲ ಸದ್ದಿಗೂ ಕೆಳಗೆ ಇನ್ನೊಂದು ಸದ್ದಿತ್ತು. ಲಯೊನೆಲ್ ಏಣಿ ಹಾಕುವಾಗ ಅದು ಕೇಳಿಸಿತು. ಚಪ್ಪರಿಸುವ ಸದ್ದು. ಮೊಲೆ ಸಿಗದ ಕೂಸುಗಳು ಬರಿದೇ ಬಾಯಾಡಿಸುವಂತೆ. ಒಂದಲ್ಲ. ಗೋಡೆಯ ಉದ್ದಕ್ಕೂ.

ಹತ್ತಿದ. ಹಾರೆಕೋಲು ತೂರಿಸಿದ. ಮೊದಲ ಕೊಂಡಿ ಮುರಿಯಿತು. ಎರಡನೆಯದೂ ಮುರಿಯಿತು. ಕೆಳಗೆ ಬಿರುಕುಬಿಟ್ಟ ಮಣ್ಣು ಉಬ್ಬಿತು, ಇಳಿಯಿತು. ಉಸಿರಾಡಿದ ಹಾಗೆ. ಏಣಿಯ ಕಾಲು ಅದರಲ್ಲಿ ಹೂತಿತು. ಯಾವುದೋ ಚಿಕ್ಕದು ಏಣಿಯ ಮೆಟ್ಟಿಲು ಹಿಡಿದು ಹತ್ತಿತು. ಇನ್ನೊಂದು ಹತ್ತಿತು. ಅವನು ಕೆಳಗೆ ನೋಡಲಿಲ್ಲ. ಮೀನಖಂಡಕ್ಕೆ ಏನೋ ಅಂಟಿತು. ತಣ್ಣಗೆ. ಹಲ್ಲಿಲ್ಲದ ಬಾಯಿ. ಅದು ಹೀರಿತು. ಕಾಲು ಅಲ್ಲೇ ಜೋಮು ಹಿಡಿದು, ಒಣಗಿದ ಕೊಂಬೆಯಂತೆ ಹಗುರವಾಯಿತು.

"ಬೇಗ," ಎಂದು ಹಿಲ್ಡ ಕೆಳಗಿನಿಂದ ಅಂದಳು. "ಅವನು ಬಾಯಿ ಮುಚ್ತಿಲ್ಲ. ಉಸಿರು ಬಿಡ್ತಿಲ್ಲ."

ಮೂರನೆಯ ಕೊಂಡಿ. ನಾಲ್ಕನೆಯದು. ಐದನೆಯದಕ್ಕೆ ಹಾರೆಕೋಲು ಜಾರಿ ಕೆಳಗೆ ಬಿತ್ತು. ಎಡಗೈಯನ್ನು ದೋಣಿಯ ಹಿಂದೆ ತೂರಿಸಿ ಎಳೆದ. ನೀರು ತುಂಬಿದ ಕಬ್ಬಿಣ ಜರುಗಿ, ಕೈಯನ್ನು ಕಲ್ಲಿಗೆ ಒತ್ತಿ ಕಚ್ಚಿಕೊಂಡಿತು. ನಾಲ್ಕು ಬೆರಳು ಒಳಗೆ. ಬಿಡಿಸಿಕೊಳ್ಳಲು ಬರಲಿಲ್ಲ. ದೋಣಿ ಒಂದೇ ಕೊಂಡಿಯ ಮೇಲೆ ತೂಗುತ್ತಿತ್ತು. ಬೀಳಿಸಲು ಒಬ್ಬ ಮನುಷ್ಯನ ತೂಕ ಸಾಕು. ಲೆಕ್ಕ ಸುಲಭವಾಗಿತ್ತು.

ಮಗನನ್ನು ನೋಡಿದ. ಹಿಲ್ಡಳ ತೋಳಲ್ಲಿ ಅದು ಮಗುವಿನ ಹಾಗಿರಲಿಲ್ಲ. ಹಳೆಯ ಕೈಚೀಲದ ಹಾಗಿತ್ತು.

ಏಣಿಯನ್ನು ಒದ್ದ.

ಬಿದ್ದ. ಕೈ ಮೇಲೆಯೇ ಉಳಿಯಿತು, ಒಂದು ಗಳಿಗೆ. ಆಮೇಲೆ ಕಬ್ಬಿಣ ಕೊಯ್ದಿತು. ಎಲುಬು ಮುರಿದ ಸದ್ದು ಅವನಿಗೆ ಹಲ್ಲಿನಲ್ಲಿ ಕೇಳಿಸಿತು. ಅವನು, ದೋಣಿ, ಎಂಟುನೂರು ವರ್ಷದ ಸುಣ್ಣ ಎಲ್ಲ ಒಟ್ಟಿಗೆ ನೆಲಕ್ಕೆ. ಅದರ ಹಿಂದೆಯೇ ನೀರು. ಇಡೀ ಮಾಡಿನ ನೀರು ಪರದೆಯಂತೆ ಇಳಿಯಿತು. ಮಣ್ಣು ಕುಡಿಯಿತು. ಮಿಸೆಸ್ ಬೆಬ್ ಎಲುಬಿನ ಪೆಟ್ಟಿಗೆಯನ್ನು ಕಾಲುವೆಗೆ ಬೋರಲು ಹಾಕಿ, ಮಂಡಿಯೂರಿ, ಬರಿಗೈಯಲ್ಲಿ ಮಣ್ಣೆಳೆದಳು. "ಕುಡೀರಿ ಕಂದಾ, ಕುಡೀರಿ," ಎನ್ನುತ್ತಿದ್ದಳು. ಅವಳ ಮೊಣಕೈವರೆಗೂ ಚಿಕ್ಕ ಚಿಕ್ಕ ಗೀರುಗಳಾಗಿ ರಕ್ತ ಹರಿಯುತ್ತಿತ್ತು. ಅವಳು ಕೈ ಹಿಂದೆಗೆಯಲಿಲ್ಲ.

"ಕೂಸನ್ನ ಹಿಡಿಯಮ್ಮ, ನೀರಿನ ಕೆಳಗೆ ಹಿಡಿ."

ಹಿಲ್ಡ ಹಿಡಿದಳು. ನೀರು ಟೋಬಿಯ ನೆತ್ತಿಯ ಮೇಲೆ ಬಿತ್ತು, ತೆರೆದ ಬಾಯಿಗೆ ಬಿತ್ತು. ಒಂದು. ಎರಡು. ಮೂರು. ಚಪ್ಪರಿಸುವ ಸದ್ದು ನಿಂತಿತು. ಮಗು ಕೆಮ್ಮಿ, ಅತ್ತಿತು. ಕಣ್ಣಿನಿಂದ ನೀರು ಬಂತು. ಲಯೊನೆಲ್ ಕೆಸರಿನಲ್ಲಿ ಬಿದ್ದಲ್ಲಿಂದಲೇ ಅದನ್ನು ನೋಡಿದ.

ಅವನ ಬೆರಳುಗಳನ್ನು ಆಮೇಲೆ ಹುಡುಕಿದರು. ಸಿಗಲಿಲ್ಲ.

ಜೂನಿನಲ್ಲಿ ಗಾಯ ಮಾಗಿದ ಮೇಲೆ ಅವರು ಊರು ಬಿಟ್ಟರು. ಆರು ಮೈಲಿ ಹೋಗುವಷ್ಟರಲ್ಲಿ ಟೋಬಿಯ ತುಟಿ ಸೀಳಿತು. ಬಾಟಲಿಯ ಹಾಲು, ಕುದಿಸಿದ ನೀರು, ಹಣ್ಣಿನ ರಸ, ಯಾವುದು ಕೊಟ್ಟರೂ ಕುಡಿದಷ್ಟೂ ಒಣಗಿದ. ಹಿಲ್ಡ ಗಂಡನ ಮುಖ ನೋಡಿದಳು. ಅವನು ಕಾರು ತಿರುಗಿಸಿದ. ಸೂರಿನ ಕೆಳಗೆ ನಿಂತ ಮಳೆಯ ಹನಿ ಒಂದು ಚಮಚ ಬಾಯಿಗೆ ಬಿದ್ದ ಕೂಡಲೇ ಮಗು ನಿದ್ದೆ ಹೋಯಿತು.

ಈಗ ಉತ್ತರದ ಸೂರಿನ ಕೊನೆಯಲ್ಲಿ ಒಂದು ಓಕ್ ಪೀಪಾಯಿ ಇದೆ. ಮಕ್ಕಳ ಪಾಲು ಮೊದಲು ನೆಲಕ್ಕೆ, ಉಳಿದದ್ದು ಪೀಪಾಯಿಗೆ. ಟೋಬಿಯ ಹಾಲಿನ ಪುಡಿಯನ್ನು ಅದರಲ್ಲೇ ಕಲಸಬೇಕು. ಲಯೊನೆಲ್ ಪ್ರತಿ ಬೆಳಿಗ್ಗೆ ಕೋಲು ಇಳಿಬಿಟ್ಟು ಎಷ್ಟಿದೆ ಎಂದು ನೋಡುತ್ತಾನೆ. ಆಗಸ್ಟ್ ತಿಂಗಳಲ್ಲಿ ಹತ್ತೊಂಬತ್ತು ದಿನ ಮಳೆಯಿಲ್ಲ. ಮಿಸೆಸ್ ಬೆಬ್ ದಿನಾ ಬಂದು ಆಕಾಶ ನೋಡಿ, ಮಗುವಿನ ಕೆನ್ನೆ ಸವರಿ ಹೋಗುತ್ತಾಳೆ. "ಚೆನ್ನಾಗಿ ಮೈ ಕೈ ತುಂಬ್ಕೊಂಡಿದಾನೆ," ಎನ್ನುತ್ತಾಳೆ.

ಇವತ್ತು ಮಗು ಬೆಳಗಿನಿಂದ ಹೊಟ್ಟೆ ಹಿಡಿದುಕೊಂಡು ಮುಲುಗುತ್ತಿತ್ತು. ಹಿಲ್ಡ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಲಯೊನೆಲ್ ಟೋಬಿಯ ಕೆಳತುಟಿ ಮಡಿಚಿ ನೋಡಿದ. ಹೊಸದಾಗಿ ಎದ್ದ ಎರಡು ಹಲ್ಲಿನ ಬುಡದಲ್ಲಿ, ವಸಡಿನ ಅಂಚಿಗೆ, ನೀಲಿಗಪ್ಪು ಗೆರೆ. ಅದೇನೆಂದು ಅವನಿಗೆ ಗೊತ್ತಿತ್ತು. ಆದರೂ ತನ್ನ ಪೆಟ್ಟಿಗೆಯಿಂದ ಸೀಸ ಪತ್ತೆಹಚ್ಚುವ ರಾಸಾಯನಿಕದ ಬಾಟಲಿ ತೆಗೆದು, ಪೀಪಾಯಿಯ ನೀರು ತುಂಬಿದ ಗಾಜಿನ ಲೋಟಕ್ಕೆ ಎರಡು ತೊಟ್ಟು ಬಿಟ್ಟ. ನೀರು ಮೆಲ್ಲಗೆ ಕಂದಾಗಿ, ಕಪ್ಪಾಯಿತು. ಸೀಸ ಹೊದಿಸಿದ ಮಾಡಿನ ಮೇಲಿಂದ ಇಳಿದ ನೀರು. ಹನಿಹನಿಯಲ್ಲೂ ವಿಷ. ಕೊಟ್ಟರೆ ಒಂದು ವರ್ಷವೋ, ಎರಡೋ.

ಕೊಡದಿದ್ದರೆ ಸಂಜೆಯೊಳಗೆ.

ಟೋಬಿ ಅಪ್ಪನನ್ನು ನೋಡಿ ಬಾಯಿ ತೆರೆದ. ಹಿತ್ತಲಿನಿಂದ ಹಿಲ್ಡ ಕೇಳಿದಳು, "ಕುಡಿದ್ನಾ?"

"ಕುಡೀತಿದಾನೆ," ಎಂದ ಲಯೊನೆಲ್. ಕಪ್ಪು ನೀರನ್ನು ಕಿಟಕಿಯಾಚೆ ಚೆಲ್ಲಿ, ಲೋಟ ತೊಳೆದು, ಪೀಪಾಯಿಯಿಂದ ತಿಳಿಯಾದ ನೀರು ತುಂಬಿಸಿಕೊಂಡು ಬಂದ. ಬೆರಳಿಲ್ಲದ ಕೈಯನ್ನು ಮಗನ ಕತ್ತಿನ ಕೆಳಗೆ ಕೊಟ್ಟು, ಚಮಚ ಎತ್ತಿದ.